ಹನ್ನೆರಡನೇ ಫೋಟೊ

ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಒಂದು ಗಳಿಗೆ ಕೂರೋಣವೆಂದು ಮೊಬೈಲ್ ಕೈಗೆತ್ತಿಕೊಂಡರೆ ಅದು ಮೊದಲು ಹೇಳುವುದು ಒಂದೇ ಮಾತು: ಜಾಗ ತುಂಬಿದೆ, ಏನನ್ನಾದರೂ ಅಳಿಸಿ. ಒಂದು ತಿಂಗಳಿಂದ ದಿನವೂ ಇದೇ ಆಗಿದೆ. ತುಂಬಿರುವುದು ನಮ್ಮ ಶಾಲೆಯ ಪ್ರವಾಸದ ಫೋಟೊಗಳು. ಕಳೆದ ಫೆಬ್ರುವರಿಯಲ್ಲಿ ಏಳನೇ ತರಗತಿಯ 31 ಮಕ್ಕಳನ್ನು ಎರಡು ದಿನ ಕರೆದುಕೊಂಡು ಹೋಗಿ ಬಂದೆವು. ನಾವು ಮೂವರು ಟೀಚರುಗಳು, ಜೊತೆಗೆ ಬಂದ ಇಬ್ಬರು ತಾಯಂದಿರು, ಬಸ್ಸಿನ ಕ್ಲೀನರ್ ಹುಡುಗ, ಎಲ್ಲರೂ ತೆಗೆದದ್ದು ಶಾಲೆಯ ಗ್ರೂಪಿಗೆ ಬಂದು ಬಿದ್ದು ಒಟ್ಟು 640 ಫೋಟೊಗಳಾಗಿವೆ.

ಅಳಿಸೋಣವೆಂದು ಕೂತರೆ ಬೆರಳು ಮುಂದೆ ಹೋಗುವುದಿಲ್ಲ. ದೇವರಮನೆ ಗುಡ್ಡದ ಮುಂದೆ ಹದಿನಾಲ್ಕು ಸಲ ನಿಂತಿದ್ದಾರೆ ಅದೇ ಮಕ್ಕಳು. ಹದಿನಾಲ್ಕರಲ್ಲಿ ಹದಿಮೂರು ಬೇಡ, ನಿಜ. ಆದರೆ ಒಂದರಲ್ಲಿ ಒಬ್ಬಳ ಕಣ್ಣು ಮುಚ್ಚಿದೆ. ಇನ್ನೊಂದರಲ್ಲಿ ಅವಳ ಕಣ್ಣು ತೆರೆದಿದೆ, ಪಕ್ಕದವನ ಮುಖ ಅತ್ತ ತಿರುಗಿದೆ. ಮತ್ತೊಂದರಲ್ಲಿ ಎಲ್ಲ ಸರಿಯಿದೆ, ಗುಡ್ಡವೇ ಮಂಜಿನಲ್ಲಿ ಮುಚ್ಚಿಹೋಗಿದೆ. ಯಾರನ್ನು ಅಳಿಸುವುದು, ಯಾರನ್ನು ಉಳಿಸುವುದು? ಮೊಬೈಲ್ ಮಗುಚಿಟ್ಟು ದೀಪ ಆರಿಸುತ್ತೇನೆ. ಕತ್ತಲಲ್ಲಿ ಮಲಗಿದಾಗ ಕಣ್ಣಿಗೆ ಬರುವುದು ಒಂದು ಕೆಂಪು ಕಿಟಕಿ.

ಆಗ್ಫಾ ಕ್ಲಿಕ್ ತ್ರೀ ಎಂಬ ಕ್ಯಾಮೆರಾ ನೋಡಿದವರಿಗೆ ಆ ಕಿಟಕಿ ಗೊತ್ತಿರುತ್ತದೆ. ಕ್ಯಾಮೆರಾದ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಂಡಿ. ರೀಲು ಸುತ್ತಿದಂತೆ ಅದರೊಳಗೆ ಒಂದು, ಎರಡು, ಮೂರು ಎಂದು ಅಂಕಿಗಳು ನಿಧಾನವಾಗಿ ಬಂದು ನಿಲ್ಲುತ್ತಿದ್ದವು. ಹನ್ನೆರಡು ಬಂದರೆ ರೀಲು ಮುಗಿಯಿತು. 1986ರಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ನಮ್ಮನ್ನು ಪ್ರವಾಸ ಕರೆದುಕೊಂಡು ಹೋದದ್ದು ಅಂಥ ಒಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು. ಕ್ಯಾಮೆರಾ ಅವರದಲ್ಲ, ಪಕ್ಕದ ತೋಟದ ರೈಟರದು. ಒಂದೇ ರೀಲು.

ನಮ್ಮ ಮೂಡಿಗೆರೆ ಕಡೆ ಶಾಲೆಯ ಪ್ರವಾಸಕ್ಕೂ ಕಾಫಿಗೂ ನಂಟು. ಡಿಸೆಂಬರಿನಲ್ಲಿ ಅರೇಬಿಕಾ, ಆಮೇಲೆ ರೊಬಸ್ಟಾ ಎಂದು ಹಣ್ಣು ಕುಯ್ಲು ಶುರುವಾದರೆ ಲೈನ್ ಮನೆಗಳ ಮಕ್ಕಳು ಅಮ್ಮನ ಜೊತೆ ತೋಟದಲ್ಲೇ ಇರುತ್ತಾರೆ. ಕುಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆಯೇ ಪ್ರವಾಸದ ಮಾತು. ಹಾಗಾಗಿ ನಾವು ಹೊರಡುವುದು ಫೆಬ್ರುವರಿಯಲ್ಲಿ. ಅದೃಷ್ಟವಿದ್ದರೆ ಒಂದು ಹೂಮಳೆ ಬಿದ್ದು, ದಾರಿಯುದ್ದಕ್ಕೂ ತೋಟಗಳು ಬೆಳ್ಳಗಾಗಿ, ಬಸ್ಸಿನ ಒಳಗೆಲ್ಲ ಕಾಫಿ ಹೂವಿನ ಪರಿಮಳ ತುಂಬಿರುತ್ತದೆ. ಆ ವರ್ಷ ಹಾಗೇ ಆಗಿತ್ತು.

ಬಸ್ಸು ಹೊರಡುವ ಮೊದಲೇ ಮೇಷ್ಟ್ರು ಎದ್ದು ನಿಂತು ಹೇಳಿದರು: "ನೋಡಿ ಮಕ್ಳೆ, ಹನ್ನೆರಡೇ ಇರೋದು. ಎಲ್ಲಿ ಹೊಡೀಬೇಕು ಅಂತ ನೀವೇ ಹೇಳ್ಬೇಕು." ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೂ ಅದೇ ಚರ್ಚೆ. ಕಳಸದಲ್ಲಿ ಕಳಸೇಶ್ವರನ ಮೆಟ್ಟಿಲ ಮೇಲೆ ಒಂದು ಎಂದು ಎಲ್ಲರೂ ಕೈ ಎತ್ತಿದೆವು. ಅಂಬಾತೀರ್ಥದಲ್ಲಿ ಭದ್ರೆಯ ದಡದ ದೊಡ್ಡ ಬಂಡೆಯ ಮುಂದೆ ಇನ್ನೊಂದು. ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ಎತ್ತಿ ತಂದಿಟ್ಟರು ಎಂಬುದು ಕತೆ. ನಾವೆಲ್ಲ ಒಬ್ಬೊಬ್ಬರಾಗಿ ಬಂಡೆಗೆ ಒಂದು ಕೈ ಹಚ್ಚಿ ತಳ್ಳಿ ನೋಡಿದೆವು. ಅದು ಅಲುಗಲಿಲ್ಲ. ತಳ್ಳಿದ ಕೈಗೆ ಬಂಡೆಯ ತಂಪು ಮಾತ್ರ ಅಂಟಿಕೊಂಡು ಬಂತು.

ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಗರ್ಭಗುಡಿಯ ಎದುರು ಫೋಟೊ ತೆಗೆಯುವಂತಿರಲಿಲ್ಲ. "ಕಣ್ಣು ಮುಚ್ಕೊಳ್ಳಿ, ಈಗ ಕಂಡದ್ದು ಮತ್ತೆ ಕಾಣುತ್ತಾ ನೋಡಿ" ಎಂದರು ಮೇಷ್ಟ್ರು. ಕಂಡಿತು. ಈಗಲೂ ಕಾಣುತ್ತದೆ. ಅಮ್ಮನವರ ಬಂಗಾರದ ಮುಖ, ಆಮೇಲೆ ಸಾಲಾಗಿ ನೆಲಕ್ಕೆ ಕೂತ ನಮ್ಮ ಎಲೆಗಳ ಮೇಲೆ ಬಿದ್ದ ಬಿಸಿ ಅನ್ನ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳದೆ ಬಡಿಸುವ ಮನೆ ಅದು. ನನ್ನ ಪಕ್ಕ ಕೂತಿದ್ದ ಲೈನ್ ಮನೆಯ ಹುಡುಗಿ ಮೂರನೇ ಸಲ ಅನ್ನ ಹಾಕಿಸಿಕೊಂಡು, "ಇಲ್ಲಿ ಎಣಿಸೋದಿಲ್ಲ ಅಲ್ವಾ" ಎಂದು ಪಿಸುಗುಟ್ಟಿದ್ದಳು. ಆ ಮಾತಿನ ಫೋಟೊ ಯಾವ ಕ್ಯಾಮೆರಾದಲ್ಲೂ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕುದುರೆಮುಖ. ಆಗ ಅಲ್ಲಿ ಕಬ್ಬಿಣದ ಅದಿರಿನ ಗಣಿ ಭರದಿಂದ ನಡೆಯುತ್ತಿತ್ತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಬಂದರಿಗೆ ಕಳಿಸುತ್ತಾರೆ ಎಂದು ಮೇಷ್ಟ್ರು ವಿವರಿಸಿದರು. ನಾವು ಬಾಯಿ ಬಿಟ್ಟುಕೊಂಡು ಆ ಕೆಂಪು ಮಣ್ಣಿನ ಮೆಟ್ಟಿಲುಗಳನ್ನು ನೋಡಿದೆವು. ಒಂದು ಫೋಟೊ ಅಲ್ಲಿಗೂ ಹೋಯಿತು. ಅದೇ ಕಾಡುಗಳಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳನ್ನು ಹುಡುಕುತ್ತ ನಡೆದಿದ್ದರೆಂಬುದು, ಆ ಓಡಾಟದ ಫಲವಾಗಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಾವು ನಿಂತು ಫೋಟೊ ತೆಗೆಸಿಕೊಂಡ ಕೆಂಪು ಮೆಟ್ಟಿಲುಗಳ ಮೇಲೆ ಈಗ ಹಸಿರು ಹತ್ತುತ್ತಿದೆ.

ಗಂಗಾಮೂಲ ದಾಟಿ ಕೆರೆಕಟ್ಟೆ ಕಡೆಗೆ ಹೋಗುವ ಕಾಡು ದಾರಿಯಲ್ಲಿ ಬಸ್ಸು ಒಂದು ಹಳ್ಳದ ಹತ್ತಿರ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಸೀಮೆ ಅದು. ನೀರು ಕುಡಿಯಲು ಇಳಿದೆವು. ಆಗ ಯಾರೋ ಸಿಳ್ಳೆ ಹಾಕಿದರು. ಅವಸರವಿಲ್ಲದ, ಗುರಿಯಿಲ್ಲದ ಸಿಳ್ಳೆ. ಮೇಲೇರಿ, ಇಳಿದು, ರಾಗ ಮರೆತು, ಮತ್ತೆ ಹಿಡಿದು, ಮನೆಗೆ ಹೋಗುವ ಹುಡುಗನೊಬ್ಬ ದಾರಿಯಲ್ಲಿ ತನ್ನಷ್ಟಕ್ಕೆ ಹಾಕುವಂಥದ್ದು. ದೇವಸ್ಥಾನದಿಂದ ಬರುವಾಗ ಸಿಳ್ಳೆಯೇ ಎಂದು ಮೇಷ್ಟ್ರಿಗೆ ಸಿಟ್ಟು ಬಂತು. ನಮ್ಮ ಕ್ಲಾಸಿನಲ್ಲಿ ಸಿಳ್ಳೆಗೆ ಹೆಸರಾದ ಹುಡುಗನೊಬ್ಬ ಇದ್ದ. ಅವನ ಕಿವಿ ಹಿಡಿದರು. ಅವನು ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ. ಅವನ ಬಾಯಿ ಮುಚ್ಚಿರುವಾಗಲೇ ಸಿಳ್ಳೆ ಮತ್ತೆ ಬಂತು.

ಮೇಷ್ಟ್ರ ಕೈ ಕಿವಿಯಿಂದ ಜಾರಿ ಅವನ ತಲೆಯ ಮೇಲೆ ಬಂದು ನಿಂತಿತು. "ತಪ್ಪಾಯ್ತು ಮಾರಾಯ" ಎಂದರು. ಮೇಷ್ಟ್ರೊಬ್ಬರು ಹುಡುಗನಿಗೆ ತಪ್ಪಾಯ್ತು ಎಂದದ್ದನ್ನು ನಾವು ಕೇಳಿದ್ದು ಅದೇ ಮೊದಲು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ನಮ್ಮೆಲ್ಲರಿಗೂ ಸನ್ನೆ ಮಾಡಿ, ತಗ್ಗಿದ ದನಿಯಲ್ಲಿ, "ಚಪ್ಪಲಿ ಬಿಡಿ" ಎಂದರು. ತರಗೆಲೆಯ ಮೇಲೆ ಸದ್ದಾಗಬಾರದೆಂದು ಹೇಳಿದ್ದು ಅದು. ಆದರೆ ಎರಡು ದಿನದಿಂದ ಪ್ರತಿ ಗುಡಿಯ ಬಾಗಿಲಲ್ಲೂ ಅದೇ ಮಾತು ಕೇಳಿದ್ದ ನಾವು ಹಾಗೇ ಸಾಲಾಗಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಉಸಿರು ಬಿಗಿಹಿಡಿದು ಹಳ್ಳದ ಅಂಚಿಗೆ ಹೋದೆವು. ನೀರಿನ ನಡುವಿನ ಕಲ್ಲಿನ ಮೇಲೆ ಕಪ್ಪು ಹಕ್ಕಿ. ಬಿಸಿಲು ತಾಗಿದಾಗ ಕಪ್ಪಲ್ಲ, ಹೆಗಲ ಮೇಲೆ ಮಿರಿಮಿರಿ ನೀಲಿ. ನನ್ನ ಪಕ್ಕದ ಹುಡುಗಿ, ಎಣಿಸೋದಿಲ್ಲ ಎಂದಿದ್ದವಳೇ, ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಯಾರೂ ನಗಲಿಲ್ಲ. ಆಮೇಲೆ ಕಣ್ಣು ಬಿಟ್ಟು ನೋಡಿದಳು. ಹಕ್ಕಿ ಅಲ್ಲೇ ಇತ್ತು.

ಅದು ಸಿಳ್ಳಾರ. ಇಂಗ್ಲಿಷರು ಅದಕ್ಕೆ ಸಿಳ್ಳೆ ಹಾಕುವ ಶಾಲೆ ಹುಡುಗ ಎಂದೇ ಹೆಸರಿಟ್ಟಿದ್ದರೆಂದು ದೊಡ್ಡವಳಾದ ಮೇಲೆ ಓದಿದೆ. ಆ ಹಳ್ಳದ ದಡದಲ್ಲಿ ಮೇಷ್ಟ್ರು ರೀಲಿನ ಒಂದು ಫೋಟೊವನ್ನು ಹಕ್ಕಿಗೆ ಕೊಟ್ಟರು. ಕೇಳಲಿಲ್ಲ, ಕೈ ಎತ್ತಿಸಲಿಲ್ಲ. ದೂರದ್ದನ್ನು ಹತ್ತಿರ ತರುವ ಗಾಜು ಆ ಕ್ಯಾಮೆರಾಕ್ಕೆ ಇರಲಿಲ್ಲ. ಮೂಡಿಗೆರೆಯ ಸ್ಟುಡಿಯೋದಿಂದ ಫೋಟೊ ತೊಳೆದು ಬಂದಾಗ ಹಳ್ಳವಿತ್ತು, ಕಲ್ಲಿತ್ತು, ಕಲ್ಲಿನ ಮೇಲೆ ಒಂದು ಚುಕ್ಕೆಯಿತ್ತು. ಹನ್ನೆರಡನ್ನೂ ಡ್ರಾಯಿಂಗ್ ಹಾಳೆಗೆ ಅಂಟಿಸಿ ಗೋಡೆಗೆ ಹಾಕಿದರು. ಶಾಲೆಗೆ ಬಂದವರೆಲ್ಲ ಹಕ್ಕಿ ಎಲ್ಲಿ ಎಂದು ಕೇಳುವವರೇ. ನಾವು ಓಡಿ ಬಂದು ಬೆರಳಿಟ್ಟು ತೋರಿಸಿ, ಸಿಳ್ಳೆಯಿಂದ ಹಿಡಿದು ಚಪ್ಪಲಿಯವರೆಗೆ ಇಡೀ ಕತೆ ಹೇಳುವವರೇ. ವರ್ಷ ಕಳೆಯುವುದರೊಳಗೆ ನಮ್ಮ ಬೆರಳು ತಾಗಿ ತಾಗಿ ಆ ಚುಕ್ಕೆ ಅಳಿಸಿಹೋಯಿತು. ಕತೆ ಅಳಿಸಲಿಲ್ಲ.

ಆ ಕಾಲಕ್ಕೆ ನಮ್ಮೂರ ಕಡೆಯೇ ಹಕ್ಕಿಯ ಫೋಟೊಕ್ಕಾಗಿ ಗಂಟೆಗಟ್ಟಲೆ ಪೊದೆಯಲ್ಲಿ ಕೂರುವ ಒಬ್ಬರಿದ್ದರು. ಮೂಡಿಗೆರೆಯ ಪೇಟೆಯಲ್ಲಿ ಸ್ಕೂಟರ್ ಮೇಲೆ ಹೋಗುವಾಗ ನಮ್ಮಪ್ಪ ಅವರನ್ನು ತೋರಿಸಿ, "ಕುವೆಂಪು ಮಗ, ತೇಜಸ್ವಿ" ಎಂದಿದ್ದರು. ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಈ ಸಲದ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. 1980ರಲ್ಲಿ ಬಂದ 'ಕರ್ವಾಲೊ'ದ ಕತೆಯನ್ನು ನಾನು ಅಂಗಳದಲ್ಲಿ ನಿಂತು ಹೇಳಿದೆ. ಹಾರುವ ಓತಿಯನ್ನು ಹುಡುಕಿ ಅಷ್ಟು ಜನ ಕಾಡು ಸುತ್ತುತ್ತಾರೆ. ಕೊನೆಗೆ ಅದು ಅವರ ಕಣ್ಣೆದುರೇ ಕಣಿವೆಗೆ ತೇಲಿಹೋಗುತ್ತದೆ. "ಹಾಗಾದ್ರೆ ಸಿಗಲೇ ಇಲ್ವಾ ಟೀಚರ್?" ಎಂದು ಒಬ್ಬ ಬೇಸರದಿಂದ ಕೇಳಿದ. ಅವನ ಪಕ್ಕದವಳು ನನಗಿಂತ ಮೊದಲೇ ಹೇಳಿದಳು: "ನೋಡಿದ್ರಲ್ಲ!" ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಆ ಓತಿಯನ್ನು ಅವಳು ತನ್ನ ಅಜ್ಜನ ಮನೆಯಲ್ಲಿ ನೋಡಿದ್ದಳಂತೆ.

ಅದಕ್ಕೂ ಮೊದಲು ಅಂಗಡಿ ಎಂಬ ಊರಿಗೆ ಹೋಗಿದ್ದೆವು. ಹೊಯ್ಸಳರು ಹುಟ್ಟಿದ ಊರು ನಮ್ಮ ತಾಲ್ಲೂಕಿನಲ್ಲೇ ಇದೆಯೆಂದು ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ. ಹಳೆಯ ಹೆಸರು ಸೊಸೆವೂರು, ಶಶಕಪುರ. ವಾಸಂತಿಕಾ ದೇವಿಯ ಗುಡಿಯ ಹತ್ತಿರ ಎರಗಿ ಬಂದ ಹುಲಿಯನ್ನು ಕಂಡು ಸುದತ್ತ ಮುನಿ ಹೊಯ್ ಸಳ ಎಂದದ್ದು, ಸಳ ಹೊಡೆದದ್ದು, ಅದೇ ರಾಜ್ಯದ ಹೆಸರೂ ಲಾಂಛನವೂ ಆದದ್ದು. ಬೇಲೂರಿನ ಚೆನ್ನಕೇಶವನ ಬಾಗಿಲಿನಲ್ಲಿ ಸಳ ಇಂದಿಗೂ ಹೊಡೆಯುತ್ತಲೇ ಇದ್ದಾನೆ. ನಾನು ಕತೆ ಹೇಳುತ್ತಿದ್ದರೆ ಹಿಂದಿನಿಂದ ಒಬ್ಬ "ಟೀಚರ್, ಒಂದು ಫೋಟೊ ಹೊಡೀರಿ" ಎಂದ. ನನಗೆ ಮಾತು ಅಲ್ಲೇ ನಿಂತಿತು. ಹೊಡೆಯುವುದು ಎಂದೇ ನಾವೂ ಹೇಳುತ್ತೇವೆ. ಆಗಲೇ ಹುಡುಗಿಯೊಬ್ಬಳು ಕೇಳಿದಳು: "ಸಳ ಸುಮ್ನೆ ನಿಂತಿದ್ರೆ ಹುಲಿ ಹೋಗ್ತಿರಲಿಲ್ವಾ ಟೀಚರ್?" ಹೋಗುತ್ತಿತ್ತೇನೋ ಮಗಳೇ, ಆಗ ಹೊಯ್ಸಳ ಎಂಬ ಹೆಸರು ಇರುತ್ತಿರಲಿಲ್ಲ ಎಂದೆ. ಆದರೆ ಅವಳ ಪ್ರಶ್ನೆ ನನ್ನ ಜೊತೆ ಮುತ್ತೋಡಿಯವರೆಗೂ ಬಂತು.

ಅವಳು ಹಾಗೆ ಕೇಳಲು ಕಾರಣವಿದೆ. ನಮ್ಮ ಮಕ್ಕಳಿಗೆ ಕಾಡುಪ್ರಾಣಿ ಪುಸ್ತಕದ ಮಾತಲ್ಲ. ಆನೆ ತೋಟಕ್ಕೆ ಇಳಿದಿದೆಯೆಂದರೆ ಅಂದು ಅರ್ಧ ಕ್ಲಾಸು ಖಾಲಿ. ಅವಳ ಅಪ್ಪ ಒಂದು ಮುಂಜಾನೆ ಸೈಕಲ್ಲಿನಲ್ಲಿ ಹೋಗುವಾಗ ತಿರುವಿನಲ್ಲಿ ಒಂಟಿ ಸಲಗದ ಎದುರಿಗೆ ಸಿಕ್ಕಿ, ಸೈಕಲ್ಲು ಹಿಡಿದುಕೊಂಡೇ ಕಲ್ಲಿನಂತೆ ನಿಂತಿದ್ದರು. ಆನೆ ನೋಡಿತು, ಕಿವಿ ಬೀಸಿತು, ರಸ್ತೆ ದಾಟಿ ಹೋಯಿತು. ಎಲ್ಲರ ಪಾಲಿಗೂ ಹಾಗಾಗಿಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅವರ ನೋವನ್ನು ಬದಿಗಿಟ್ಟು ಮಕ್ಕಳಿಗೆ ಕಾಡಿನ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಭಯ ಇರಲಿ, ಭಯದ ಜೊತೆಗೆ ಕಣ್ಣೂ ಇರಲಿ ಎಂದಷ್ಟೇ ಹೇಳುತ್ತೇನೆ.

ಮುತ್ತೋಡಿ ಭದ್ರಾ ಅಭಯಾರಣ್ಯದ ಬಾಗಿಲು. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ಕಾಪಾಡಲು ಶುರುಮಾಡಿದ ಕಾಡು ಇದು. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸಳ ಹೊಡೆದ ಹುಲಿಯ ವಂಶದವು ಇಲ್ಲಿರಬಹುದು ಎಂದು ಮಕ್ಕಳೇ ತೀರ್ಮಾನ ಮಾಡಿಬಿಟ್ಟಿದ್ದರು. ಜೀಪಿನಲ್ಲಿ ಸುತ್ತಿದಾಗ ಕಾಟಿಗಳು ಕಂಡವು, ಕಡವೆ ಕಂಡಿತು, ತೇಗದ ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲು ಕಂಡಿತು. ಹುಲಿ ಕಾಣಲಿಲ್ಲ. ಒಂದು ಕಡೆ ಒದ್ದೆ ಮಣ್ಣಿನಲ್ಲಿ ಅದರ ಹೆಜ್ಜೆಯಿತ್ತು. ಇಲಾಖೆಯ ವಾಚರ್ ಅಣ್ಣ ಜೀಪು ನಿಲ್ಲಿಸಿ, "ಬೆಳಿಗ್ಗೆ ಹೋಗಿದೆ" ಎಂದರು. ಮಕ್ಕಳು ಆ ಹೆಜ್ಜೆಯನ್ನು ನೋಡಿದ ರೀತಿ ನನಗೆ ಗೊತ್ತಿರುವ ರೀತಿ. ಗುಡಿಗಳಲ್ಲಿ ಕಲ್ಲಿನ ಮೇಲಿನ ದೇವರ ಪಾದವನ್ನು ನಮ್ಮೂರ ಹೆಂಗಸರು ಹಾಗೇ ನೋಡುತ್ತಾರೆ.

ಹಳೆಯ ಪ್ರವಾಸದ ಕತೆ ಮುಗಿದಿಲ್ಲ. ಶೃಂಗೇರಿಯಲ್ಲಿ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳನ್ನು ಎಣಿಸಿದೆವು. ತುಂಗೆಯ ಮೆಟ್ಟಿಲಲ್ಲಿ ಮಂಡಕ್ಕಿ ಎಸೆದು, ಕೈಯಷ್ಟುದ್ದದ ಮೀನುಗಳು ಒಂದರ ಮೇಲೊಂದು ಬೀಳುವುದನ್ನು ನೋಡಿದೆವು. ಆ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಅವು ದೇವರವು. ಹೆರಿಗೆಯ ನೋವಿನಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಅಲ್ಲೇ ಪೀಠ ಸ್ಥಾಪಿಸಿದರೆಂಬ ಕತೆಯನ್ನು ಮೇಷ್ಟ್ರು ಹೇಳಿದರು. ಹಾವೂ ಕಪ್ಪೆಯೂ ಇಲ್ಲದಿದ್ದರೆ ಮಠವೂ ಇರುತ್ತಿರಲಿಲ್ಲ ಎಂದು ನಮ್ಮಷ್ಟಕ್ಕೆ ಅಂದುಕೊಂಡೆವು. ಹಾಗೆ ಹನ್ನೊಂದು ಮುಗಿದವು. ಬಾಳೆಹೊನ್ನೂರಿನ ಮೇಲೆ ಊರಿಗೆ ಬಂದು ಇಳಿದಾಗ ಕೆಂಪು ಕಿಟಕಿಯಲ್ಲಿ ಹನ್ನೆರಡು ಎಂಬ ಅಂಕಿ ಕಾಯುತ್ತಿತ್ತು.

ಅದು ನಮ್ಮೂರ ಬನಕ್ಕಿರಲಿ ಎಂದೆವು ಎಲ್ಲರೂ. ಎಷ್ಟೋ ಊರಿನ ದೇವರ ಫೋಟೊ ಆಯಿತು, ನಮ್ಮ ಚೌಡಿಯದ್ದು ಬೇಡವೇ? ಮರುದಿನ ಬನದ ಬಾಗಿಲಿಗೆ ಹೋದೆವು. ಬಾಗಿಲೆಂದರೆ ಎರಡು ಕಲ್ಲು. ಒಳಗೆ ಧೂಪದ ಮರ, ಹೆಬ್ಬಲಸು, ಬೈನೆ, ತಬ್ಬಿಕೊಂಡ ಬಳ್ಳಿಗಳು, ಹಗಲಲ್ಲೂ ಸಂಜೆಯ ಕತ್ತಲು. ಸುತ್ತಲಿನ ಕಾಡೆಲ್ಲ ತೋಟವಾದರೂ ಆ ಎರಡು ಎಕರೆ ಹಾಗೇ ಉಳಿದಿತ್ತು. ಪೂಜೆಯ ಅಜ್ಜ ಕ್ಯಾಮೆರಾ ನೋಡಿ ತಲೆಯಾಡಿಸಿದರು. "ಬನದಿಂದ ಏನೂ ತೆಗೆಯೋ ಹಾಗಿಲ್ಲ ಮೇಷ್ಟ್ರೆ. ಒಣ ಕಡ್ಡಿನೂ ತೆಗೆಯಲ್ಲ ನಾವು. ಫೋಟೊನೂ ತೆಗೆಯೋದೇ ಅಲ್ವಾ?"

ಮೇಷ್ಟ್ರು ಎದುರು ಮಾತಾಡಲಿಲ್ಲ. "ಸರಿ ಅಜ್ಜ" ಎಂದು ನಮ್ಮನ್ನು ಚಪ್ಪಲಿ ಬಿಡಿಸಿ ಕಲ್ಲಿನ ಈಚೆಗೆ ನಿಲ್ಲಿಸಿದರು. ಒಳಗೆ ನೋಡಿ, ಮಾತಾಡಬೇಡಿ ಎಂದರು. ನೋಡುತ್ತ ನಿಂತೆವು. ಅವರು ಬನಕ್ಕೆ ಬೆನ್ನು ಮಾಡಿ ನಿಂತು ನಮ್ಮ ಫೋಟೊ ತೆಗೆದರು. ಅದರಲ್ಲಿ ಬನವಿಲ್ಲ, ಚೌಡಿಯಿಲ್ಲ, ಒಂದು ಎಲೆಯೂ ಇಲ್ಲ. ಬರಿಗಾಲಿನ ಮಕ್ಕಳು ಏನನ್ನೋ ನೋಡುತ್ತಿರುವ ಮುಖಗಳು ಮಾತ್ರ ಇವೆ. ಹನ್ನೆರಡರಲ್ಲಿ ನನ್ನ ಹತ್ತಿರ ಈಗ ಉಳಿದಿರುವುದು ಅದೊಂದೇ. ಅದನ್ನು ನೋಡಿದಾಗೆಲ್ಲ ನನಗೆ ಬನ ಕಾಣುತ್ತದೆ.

ನಿನ್ನೆ ರಾತ್ರಿ 640ರಲ್ಲಿ ಒಂದರ ಮುಂದೆ ಬೆರಳು ನಿಂತಿತು. ಕ್ಲೀನರ್ ಹುಡುಗ ದೂರದಲ್ಲಿ ಬಸ್ಸಿಗೆ ಒರಗಿ ನಿಂತು ತೆಗೆದದ್ದು. ಮುತ್ತೋಡಿಯಲ್ಲಿ ಜೀಪಿಗೆ ಕಾಯುತ್ತಿದ್ದಾಗ ತಲೆಯ ಮೇಲೆ ದೊಡ್ಡ ಬೀಸಣಿಗೆ ಬೀಸಿದಂತೆ ಸದ್ದಾಯಿತು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಅದು. ಎಲ್ಲರೂ ತಲೆಯೆತ್ತಿದೆವು. ಮೊಬೈಲ್ ತೆಗೆಯಲು ನಮಗ್ಯಾರಿಗೂ ಹೊತ್ತಿರಲಿಲ್ಲ. ಫೋಟೊದಲ್ಲಿ ಹಕ್ಕಿಯಿಲ್ಲ. 31 ಮಕ್ಕಳಿದ್ದಾರೆ, ಒಬ್ಬರ ಕಣ್ಣೂ ಮುಚ್ಚಿಲ್ಲ, ಒಬ್ಬರ ಮುಖವೂ ಬೇರೆ ಕಡೆ ತಿರುಗಿಲ್ಲ.

ಇವತ್ತು ಬೆಳಿಗ್ಗೆ ಕ್ಲಾಸಿಗೆ ಹೋಗಿ, ಹನ್ನೆರಡು ಆರಿಸಿ ಎಂದೆ. ಮಕ್ಕಳು ಎರಡು ಗಂಟೆ ಕೂತು, ಕೈ ಎತ್ತಿ, ಜಗಳವಾಡಿ, ರಾಜಿಯಾಗಿ ಆರಿಸಿದರು. ಹುಲಿಯ ಹೆಜ್ಜೆ ಆರಿಸಿದರು. ಅಂಗಡಿಯ ಗುಡಿ ಆರಿಸಿದರು. ಹನ್ನೆರಡನೆಯದಾಗಿ, ನಾನು ಹೇಳದೆಯೇ, ಮಂಗಟ್ಟೆ ಇಲ್ಲದ ಮಂಗಟ್ಟೆಯ ಫೋಟೊ ಆರಿಸಿದರು. ಅವನ್ನು ಪ್ರಿಂಟ್ ಹಾಕಿಸಿ ಡ್ರಾಯಿಂಗ್ ಹಾಳೆಗೆ ಅಂಟಿಸುತ್ತೇವೆ. ಉಳಿದವನ್ನು ಈಗ ಅಳಿಸಬಲ್ಲೆ.

ಮಕ್ಕಳನ್ನು ಕರೆದುಕೊಂಡು ನಮ್ಮ ಕಡೆ ಬರುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಬನ್ನಿ. ಗುಡಿಗೂ ಹೋಗಿ, ಕಾಡಿಗೂ ಹೋಗಿ. ಫೋಟೊ ಹನ್ನೆರಡು ಸಾಕು, ಎಲ್ಲಿ ಎಂದು ಮಕ್ಕಳೇ ಹೇಳಲಿ. ಒಂದು ಬನದ ಬಾಗಿಲಲ್ಲಾದರೂ ಚಪ್ಪಲಿಯ ಪಕ್ಕದಲ್ಲಿ ಮೊಬೈಲನ್ನೂ ಬಿಟ್ಟು, ಅವರ ಜೊತೆ ಐದು ನಿಮಿಷ ಸುಮ್ಮನೆ ನಿಲ್ಲಿ.